ಪರದೇಶಿಗೆ ಸಿಕ್ಕಿದ ಮನೆ

ಚೀನಾದೊಡನೆ ಯುದ್ಧವಾದ ಮರುವರ್ಷ ನಾನು ಮೂಡಬಿದಿರೆಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಮದುವೆಯಾಗಿ ಹತ್ತು ತಿಂಗಳಾಗಿತ್ತು. ಹೆಂಡತಿ ವಿಟ್ಲದಲ್ಲಿ ಅವಳ ತಂದೆಯ ಮನೆಯಲ್ಲಿದ್ದಳು. ನಾನು ಹೋಟೆಲೊಂದರ ಅಟ್ಟದಲ್ಲಿ, ಚಾಪೆಯಷ್ಟು ಜಾಗದಲ್ಲಿದ್ದೆ. ಪ್ರತ್ಯೇಕ ಅಡುಗೆಕೋಣೆ ಇರುವ ಮನೆ ಸಿಕ್ಕಿದ ದಿನ ಮಗಳನ್ನು ಕಳುಹಿಸುತ್ತೇನೆ, ಅಲ್ಲಿಯವರೆಗೆ ಇಲ್ಲ ಎಂದು ಮಾವ ತೀರ್ಪು ಕೊಟ್ಟಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂಥ ಮನೆ ಪೇಟೆಯಲ್ಲಿ ಆಗ ಖಾಲಿ ಇದ್ದದ್ದು ಒಂದೇ. ಅಳಿಯಸಂತಾನದ ಕುಟುಂಬದ್ದು, ಅಂದರೆ ಮಾತುಕತೆಗೆ ಯಜಮಾನರು, ಮನೆ ಮಾತ್ರ ಅವರ ಅಕ್ಕನದು. ಯಜಮಾನರಿಗೆ ಯಾರೋ ಒಂದು ಕಾನೂನನ್ನು ಹೇಳಿ ಹೆದರಿಸಿದ್ದರು. ಕಾನೂನಿನ ವಿಷಯವಾದ್ದರಿಂದ ಅವರು ತುಳುವನ್ನು ಬದಿಗಿಟ್ಟು ಕನ್ನಡದಲ್ಲಿಯೇ ಶುರುಮಾಡಿದರು.

"ತಪ್ಪು ತಿಳ್ಕೊಳ್ಬೇಡಿ ಮಾಸ್ಟ್ರೇ. ಪರದೇಶಿಗಳಿಗೆ ಮನೆ ಕೊಟ್ಟರೆ ಠಾಣೆಗೆ ಬರೆದು ಕೊಡಬೇಕಂತೆ. ನೀವು ಪರದೇಶಿ ಅಲ್ಲ ಅಂತ ಕಾಗದ ಏನಾದ್ರೂ ಉಂಟಾ?"

"ನಾನು ವಿಟ್ಲದವ!"

"ಅದು ನೀವು ಹೇಳುವುದು. ಕಾಗದ ಏನು ಹೇಳ್ತದೆ?"

ಎಸ್ಸೆಸ್ಸೆಲ್ಸಿ ಪುಸ್ತಕ ತಂದು ತೋರಿಸಿದೆ. ಅವರು ಮುದ್ರೆಯ ಮೇಲೆ ಬೆರಳಿಟ್ಟರು. "ಇದು ಮದ್ರಾಸು ಸರಕಾರದ್ದಲ್ವಾ? ನಾವೀಗ ಮೈಸೂರು."

ಹೀಗೆ, ಜನ್ಮದಲ್ಲಿ ಘಟ್ಟ ಹತ್ತದ ನಾನು ಕೂತಲ್ಲಿಯೇ ವಿದೇಶದ ಪಾಲಾದೆ. ಕಾಗದವಿಲ್ಲದವನಿಗೆ ನೆಂಟರೇ ದಾಖಲೆ. ಬಂಟ್ವಾಳದಲ್ಲಿ ಚಿಕ್ಕಪ್ಪ, ಬೆಳ್ತಂಗಡಿಯಲ್ಲಿ ಅಕ್ಕ, ಅಳದಂಗಡಿಯಲ್ಲಿ ಸೋದರತ್ತೆ ಎಂದು ಒಂದೊಂದೇ ಮನೆ ಒಪ್ಪಿಸಿದೆ. ಹುರುಪಿನಲ್ಲಿ, ಒಮ್ಮೆ ಯಾರೋ ತೀರಿಕೊಂಡಾಗಿನ ಬೊಜ್ಜದೂಟದಲ್ಲಿ ಮಾತ್ರ ಕಂಡಿದ್ದ ಪುತ್ತಿಗೆಯ ದೂರದ ಭಾವನನ್ನೂ ಸೇರಿಸಿಬಿಟ್ಟೆ. ಒಳಗೆ ಅಕ್ಕಿ ಆರಿಸುತ್ತಿದ್ದ ಯಜಮಾನರ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಯಜಮಾನರು ನಾಳೆ ಬನ್ನಿ ಎಂದರು.

ಮರುದಿನ ಹೋದಾಗ ಜಗಲಿಯಲ್ಲಿ ಇನ್ನೊಬ್ಬ ಕೂತಿದ್ದ. ಕೊಲಂಬೊದ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ದುಡಿದು, ಅಲ್ಲಿಯವರು ಇನ್ನು ಹೊರಡು ಎಂದ ಮೇಲೆ ಬಂದವನು. ಇಸ್ತ್ರಿಯ ಪ್ಯಾಂಟು, ಕೈಗಡಿಯಾರ. ಇವನ್ನೆಲ್ಲ ನಾನು ಕ್ಷಮಿಸಬಲ್ಲೆ. ಕ್ಷಮಿಸಲಾಗದ್ದು ಅವನ ತೊಡೆಯ ಮೇಲಿತ್ತು: ಪಾಸ್‌ಪೋರ್ಟ್. ಗಟ್ಟಿ ರಟ್ಟು, ಮೂರು ಸಿಂಹ, ಒಳಗೆ ಅವನದೇ ಫೋಟೋ. ದೇಶ ಬಿಟ್ಟು ಹೋದವನ ಹತ್ತಿರ ಈ ದೇಶದವನೆಂಬ ಕಾಗದವಿತ್ತು. ಬಿಡದೆ ಕಚ್ಚಿಕೊಂಡು ಕೂತವನ ಹತ್ತಿರ ಗಣಿತದ ಅಂಕಗಳು ಮಾತ್ರ. ಸಾಲದ್ದಕ್ಕೆ ಅವನು ಒಂಟಿ. ಅಡುಗೆಕೋಣೆಯಲ್ಲಿ ಪೆಟ್ಟಿಗೆ ಇಡುತ್ತಾನಂತೆ, ಊಟಕ್ಕೆ ಹೋಟೆಲಂತೆ! ನನ್ನ ಹೊಟ್ಟೆಯಲ್ಲಿ ಒಲೆ ಉರಿಯತೊಡಗಿತು.

ಯಜಮಾನರಿಗೆ ಇಂಗ್ಲಿಷ್ ಬಾರದು. ಕೊಲಂಬೊದವನಿಗೆ ಸಿಂಹಳ, ತಮಿಳು ಮಾತಾಡಲು ಬರುತ್ತಿತ್ತು, ಇಂಗ್ಲಿಷ್ ಅಕ್ಷರ ಬಾರದು.

"ಹೇಗೂ ಮಾಸ್ಟ್ರು ಬಂದ್ರಲ್ಲ, ಅವರೇ ಓದಲಿ" ಎಂದರು ಯಜಮಾನರು.

ಮೊದಲ ಪುಟದಲ್ಲಿ ಭಾರತದ ಪ್ರಜೆ ಎಂದು ಸ್ಪಷ್ಟವಾಗಿತ್ತು. ನಾನು ಆ ಪುಟವನ್ನು ಗೌರವದಿಂದ ಮಗುಚಿದೆ. ಹಿಂದಿನ ಪುಟವೊಂದರಲ್ಲಿ ಸಿಲೋನ್ ಸರಕಾರ ಒತ್ತಿದ ಮುದ್ರೆಯೊಂದಿತ್ತು: ಈತ ಪರದೇಶದವ, ಇಂಥ ದಿನದವರೆಗೆ ಮಾತ್ರ ಇರಬಹುದು. ಅವರ ಲೆಕ್ಕಕ್ಕೆ ಅದು ಸರಿಯೇ. ಗಂಟಲು ಸರಿಮಾಡಿಕೊಂಡು ಓದಿದೆ: "ಈತ ಪರದೇಶಿ." ಯಾವ ಸರಕಾರದ ಮಾತೆಂದು ಯಾರೂ ಕೇಳಲಿಲ್ಲ, ಕೇಳದ್ದಕ್ಕೆ ಉತ್ತರಿಸುವ ಅಭ್ಯಾಸ ಮಾಸ್ತರರಿಗಿಲ್ಲ.

ಯಜಮಾನರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಅಕ್ಕ ಗೆರಸೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಪರದೇಶಿಯಾ? ಅಯ್ಯೋ ಪಾಪ! ನಿನಗೆ ಯಾರೂ ಇಲ್ವಾ ಮಗಾ?"

"ಅಮ್ಮ ಇದ್ದಳು, ಅಮ್ಮಾ. ನಾನು ಅಲ್ಲಿರುವಾಗಲೇ ತೀರಿಕೊಂಡಳು" ಎಂದ ಅವನು, ತಲೆ ತಗ್ಗಿಸಿ.

ಠಾಣೆಯ ಭಾಷೆಯಲ್ಲಿ ಪರದೇಶಿ ಎಂದರೆ ಹೊರಗಿನವ. ಅಡುಗೆಮನೆಯ ಭಾಷೆಯಲ್ಲಿ ಗತಿಯಿಲ್ಲದವ. ಮನೆ ಅಡುಗೆಮನೆಯ ಕಡೆಯವರದೆಂಬುದನ್ನು ನಾನು ಮರೆತಿದ್ದೆ.

"ಠಾಣೆಗೆ ಬರೆದು ಕೊಡಬೇಕು ಅಕ್ಕ" ಎಂದು ಯಜಮಾನರು ಕ್ಷೀಣವಾಗಿ ಹೇಳಿದರು.

"ಬರಿ. ನಿನಗೆ ಕೈ ಇಲ್ವಾ? ದಿಕ್ಕಿಲ್ಲದವನಿಗೆ ಕೊಡದೆ ಇನ್ಯಾರಿಗೆ ಕೊಡುವುದು? ಈ ಮಾಸ್ಟ್ರಿಗೇನು, ಊರಿಗೊಂದು ಮನೆ ಉಂಟು, ನಿನ್ನೆ ಅವರೇ ಹೇಳಿದರಲ್ಲ. ಪುತ್ತಿಗೆಯಿಂದ ನಡೆದೇ ಶಾಲೆಗೆ ಬರಬಹುದು ಮಾರಾಯ!"

ಆ ಗಳಿಗೆಯಲ್ಲಿ ನನಗೆ ಅವನ ಅನಾಥತನದ ಮೇಲೂ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳುವಂಥದ್ದಲ್ಲ, ಆದರೂ ಆಯಿತು.

ಶನಿವಾರ ಅವನು ಹೋಟೆಲಿನ ಅಟ್ಟ ಹತ್ತಿ ಬಂದು ಸಿಲೋನ್ ಚಾದ ಪೊಟ್ಟಣವೊಂದನ್ನು ನನ್ನ ಕೈಯಲ್ಲಿಟ್ಟ. "ನೀವು ಓದಿದ್ದಕ್ಕೆ ಮನೆ ಸಿಕ್ಕಿತು ಮಾಸ್ಟ್ರೇ. ಈ ಉಪಕಾರ ಮರೆಯುವುದಿಲ್ಲ." ಕಣ್ಣಲ್ಲಿ ನೀರಿತ್ತು. ಓದಿದ್ದು ಯಾವ ಪುಟವೆಂದು ಹೇಳಲು ಬಾಯಿ ತೆರೆದೆ. ಬಂದದ್ದು "ಪರವಾಗಿಲ್ಲ" ಎಂಬ ಮಾತು ಮಾತ್ರ.

ಆ ಪೊಟ್ಟಣದೊಂದಿಗೆ ಬಂಟ್ವಾಳದಲ್ಲಿ ಬಸ್ಸು ಬದಲಿಸಿ ವಿಟ್ಲಕ್ಕೆ ಹೋದೆ. ಮನೆ ಸಿಗಲಿಲ್ಲವೆಂದು ನಾನು ಹೇಳಬೇಕಾಗಲಿಲ್ಲ. ಹೆಂಡತಿ ನನ್ನ ಮುಖ ನೋಡಿ, ಕಟ್ಟಿಡತೊಡಗಿದ್ದ ಪಾತ್ರೆಗಳನ್ನು ಒಂದೊಂದಾಗಿ ಬಿಚ್ಚಿ ಅಟ್ಟಕ್ಕೆ ಸೇರಿಸಿದಳು. ಆಮೇಲೆ ಚಾ ಕುದಿಸಿದಳು. ಮನೆಯಿಡೀ ಪರಿಮಳ. ಮಾವ ಚಾ ಕೊಟ್ಟವರು ಯಾರೆಂದು ವಿಚಾರಿಸಿಕೊಂಡು, ಕಣ್ಣು ಮುಚ್ಚಿ ಕುಡಿದು, "ಕೊಲಂಬೊದವರ ಗುರ್ತ ಎಲ್ಲ ಉಂಟಲ್ಲ ನಿಮಗೆ. ಒಂದು ಬಾಡಿಗೆ ಮನೆ ಮಾತ್ರ ಆಗುವುದಿಲ್ಲವಾ?" ಎಂದರು.

ನಾನು ಇನ್ನೊಂದು ಲೋಟ ಬೇಡವೆಂದೆ. ಅವರು ಬೇಕೆಂದರು.