ಸೈಲೆನ್ಸರಿಗೆ ಅಂಟಿದ ಚೀಲ

ನಮ್ಮೂರಿನ ನರ್ಸಬಾಯಾರ ಬಿಳಿ ಸೀರೆಯ ಕೆಳಗಿನ ಗೇಣಗಲ ಜಾಗ ಎಂದೂ ಬಿಳಿಯಾಗಿರಲಿಲ್ಲ. ನವಲಗುಂದ ಸೀಮೆಯ ಎರೆಮಣ್ಣು ಅದನ್ನು ಹಿಡಿದುಬಿಟ್ಟಿತ್ತು. ಎಷ್ಟು ಒಗೆದರೂ ಕರೆ ಹೋಗುತ್ತಿರಲಿಲ್ಲ. ಐದು ಹಳ್ಳಿಗಳನ್ನು ಅವರು ಕಾಲುನಡಿಗೆಯಲ್ಲೇ ನೋಡಿಕೊಳ್ಳುತ್ತಿದ್ದರು. ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ನಿಂತು, "ನೀರು ಕುದಿಯಾಕ ಇಟ್ಟೀರೇನು?" ಎನ್ನುವರು. ಕ್ಷೇಮಸಮಾಚಾರ ಆಮೇಲೆ. ಕೂಸಿನ ಹೊಕ್ಕುಳಿಗೆ ಬೂದಿ ಹಚ್ಚಿದ ಮುದುಕಿಯರನ್ನು ಬಾಯಿಗೆ ಬಂದಂತೆ ಬೈದು, ಮರುಗಳಿಗೆಗೆ ಅವರು ಕೊಟ್ಟ ಚಹಾವನ್ನೇ ಕುಡಿಯುವರು.

ನಾನಾಗ ಅಲ್ಲಿನ ಪ್ರಾಥಮಿಕ ಶಾಲೆಯ ಮಾಸ್ತರ. ಊರಿಗೆಲ್ಲ ಒಂದೇ ಮೋಟಾರ್ ಸೈಕಲ್, ಅದು ನನ್ನದು. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಗಾಡಿಯಾದರೂ ಜಂಬಕ್ಕೆ ಕಡಿಮೆ ಇರಲಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನನ್ನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂತು. ಬಾಯಾರು ಯಮನೂರಿಗೆ ಹೋಗಿದ್ದರು. ಸೂಲಗಿತ್ತಿಯೇ ಹೆರಿಗೆ ಮಾಡಿಸಿದಳು. ಮಗು ಅತ್ತಿತು, ಮಾಸೂ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ.

"ಮಾಸ್ತರ, ಬಾಯಾರನ್ನ ಕರಕೊಂಡು ಬರ್ರಿ. ಇದು ನನ್ನ ಕೈ ಮೀರೇತಿ," ಎಂದಳು ಸೂಲಗಿತ್ತಿ.

ಮಟಮಟ ಮಧ್ಯಾಹ್ನ ಯಮನೂರು ಮುಟ್ಟಿದೆ. ಸಂಗತಿ ಕೇಳಿದ್ದೇ ತಡ, ಬಾಯಾರು ರೆಕ್ಸಿನ್ ಚೀಲ ಹಿಡಿದು ಹೊರಬಂದರು. ಗಾಡಿಯ ಹಿಂದೆ ಎಡಕ್ಕೆ ಕಾಲು ಇಳಿಬಿಟ್ಟು ಕೂತರು. ನಾನು ಚೀಲವನ್ನು ಇಸಿದುಕೊಂಡು ಬಲಕ್ಕೆ ಹಗ್ಗದಿಂದ ಕಟ್ಟತೊಡಗಿದೆ.

"ಆ ಬಾಜೂ ಬ್ಯಾಡ್ರಿ, ಸೈಲೆನ್ಸರ್ ಕಾಯ್ತೈತಿ. ತೊಡಿ ಮ್ಯಾಲ ಇಟ್ಟುಕೋತೀನಿ."

"ಏನೂ ಆಗೂದಿಲ್ರಿ. ನೀವು ಎರಡೂ ಕೈಲೆ ಗಟ್ಟಿ ಹಿಡಕೊಂಡು ಕೂಡ್ರಿ," ಎಂದೆ.

ಅರ್ಧ ಹಾದಿಯಲ್ಲಿ ಸುಟ್ಟ ವಾಸನೆ ಬಂತು. ಯಾರೋ ಹೊಲದಲ್ಲಿ ಕಸ ಸುಡುತ್ತಿರಬೇಕೆಂದು ಗಾಡಿ ಓಡಿಸುತ್ತಲೇ ಇದ್ದೆ.

"ನಿಂದರಸ್ರಿ!" ಬಾಯಾರು ನನ್ನ ಬೆನ್ನಿಗೆ ಗುದ್ದಿದರು.

ಚಕ್ಕಡಿಗಳು ಕೊರೆದ ಕಲ್ಲಿನಂಥ ಜಾಡಿನಲ್ಲಿ ಕುಲುಕಿ ಕುಲುಕಿ ಹಗ್ಗ ಸಡಿಲಾಗಿ, ಚೀಲ ಸೈಲೆನ್ಸರಿನ ಮೇಲೆ ಕೂತಿತ್ತು. ರೆಕ್ಸಿನ್ ಕರಗಿ ಅಂಟಿಕೊಂಡು ಕರಿಹೊಗೆ ಏಳುತ್ತಿತ್ತು. ನಾನು ಜಗ್ಗಲು ಹೋದೆ.

"ಜಗ್ಗಬ್ಯಾಡ್ರಿ! ಒಳಗ ಸ್ಪಿರಿಟ್ ಬಾಟ್ಲಿ ಐತಿ. ಒಡದರ ಎಲ್ಲಾ ಹೊತ್ತತೈತಿ."

ಅವರು ಬರಿಗೈಯನ್ನೇ ಹೊಗೆಯೊಳಗೆ ಹಾಕಿದರು. ಮೊದಲು ಬಾಟಲಿ ತೆಗೆದು ನನ್ನ ಕೈಗಿತ್ತರು. ಇಂಜೆಕ್ಷನ್ನಿನ ತಗಡಿನ ಡಬ್ಬಿ ತಳದಲ್ಲಿತ್ತು. ಹಲ್ಲು ಕಚ್ಚಿ ಅದನ್ನು ಕಿತ್ತು ತೆಗೆದರು. ರಕ್ತ ನಿಲ್ಲಿಸುವ ಔಷಧದ ಮೂರು ಗಾಜಿನ ಕೊಳವೆಗಳಲ್ಲಿ ಎರಡು ಒಡೆದಿದ್ದವು.

"ಕಾದದ್ದು ಕೆಲಸ ಮಾಡತೈತೇನ್ರಿ?" ಎಂದು ಕಣ್ಣೊರೆಸಿಕೊಂಡೆ.

"ಚುಚ್ಚಿದ ಮ್ಯಾಲೆ ತಿಳೀತೈತಿ. ಗಾಡಿ ಚಾಲೂ ಮಾಡ್ರಿ. ಅಳೂದು ಆಮ್ಯಾಲ."

ಉಳಿದ ಚೀಲವನ್ನು ಕೋಲಿನಿಂದ ಕಿತ್ತೊಗೆದು ಹೊರಟೆವು. ಮನೆಯಲ್ಲಿ ನಾನು ಬಾಗಿಲ ಹೊರಗೆ ಗೋಡೆ ಹಿಡಿದು ನಿಂತೆ. ಸೂಜಿ ಚುಚ್ಚಿದ ಮೇಲೂ ಬಾಯಾರು ಅವಳ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದೇ ಇದ್ದರಂತೆ. ನನಗೆ ಕೇಳಿಸುತ್ತಿದ್ದುದು ಅವರ ಮಾತಷ್ಟೇ: "ನನ ತಾಯಿ, ಕಣ್ಣು ಮುಚ್ಚಬ್ಯಾಡ. ನನ್ನ ಕಡೆ ನೋಡು." ಅದನ್ನೇ ಮತ್ತೆ ಮತ್ತೆ. ಒಮ್ಮೆ ಆ ಮಾತೂ ನಿಂತಿತು. ನಾನು ಬಾಗಿಲಿಗೆ ಕಿವಿ ಹಚ್ಚಿದೆ.

ದನ ಮನೆಗೆ ಬರುವ ಹೊತ್ತಿಗೆ ಬಾಯಾರು ಹೊರಬಂದರು. "ನಿಂತೈತ್ರಿ," ಎಂದರು.

ಆಗ ಅವರ ಬಲಗೈ ನೋಡಿದೆ. ಅಂಗೈ ತೊಗಲು ಸುಲಿದು ಹೋಗಿತ್ತು.

"ನನ್ನಿಂದ ಆತ್ರಿ ಇದು. ಎಲ್ಲಾರಿಗೂ ಹೇಳತೀನಿ," ಎಂದೆ.

"ಯಾರಿಗೆ, ಬಾಣಂತಿಗೆ? ಆಕೀಗೆ ಈಗ ನಿದ್ದಿ ಬೇಕು. ಸುಮ್ಮನಿರ್ರಿ."

ಇಲಾಖೆಯ ಮೇಲಿನವರು ಚೀಲದ ಬಗ್ಗೆ ಕೇಳಿದಾಗ, ಬಾಯಾರು ತಮ್ಮದೇ ನಿಷ್ಕಾಳಜಿಯಿಂದ ಸುಟ್ಟಿತೆಂದು ಎಡಗೈಯಲ್ಲಿ ಬರೆದುಕೊಟ್ಟರು. ನಾನೂ ಅವರ ಮಾತನ್ನೇ ನೆವ ಮಾಡಿಕೊಂಡು ಸುಮ್ಮನಿದ್ದೆ. ಒಂದು ದಿನವಲ್ಲ, ವರ್ಷಗಟ್ಟಲೆ.

ಅವರಿಗೆ ಕಲಘಟಗಿಗೆ ವರ್ಗವಾಯಿತು. ಮುಂದೆ ಅಲ್ಲಿಯೇ ತೀರಿಕೊಂಡರೆಂಬ ಸುದ್ದಿ ಬಂದ ದಿನ, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು.

"ಕೈಗೆ ಒಲಿ ತಾಗೇತಿ ಅಂದಿದ್ರು ನನಗ," ಎಂದಳು. ಮೊರ ಬದಿಗೆ ಸರಿಸಿದಳು. ಆಮೇಲೆ, "ಅವರು ಇದ್ದಾಗ ಹೇಳಬೇಕಿತ್ತು ನೀವು. ಕಲಘಟಗಿಗೆ ಹೋಗಿ, ಆ ಕೈ ಒಮ್ಮೆ ಕಣ್ಣಿಗೆ ಒತ್ತಿಕೊಂಡು ಬರತಿದ್ನಿ."