ಖಾಲಿ ಕಾರಿನಲ್ಲಿ ಸಿಗದ ರೋಗ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಬಿಳಿ ಕಾರೊಂದು ಗ್ಯಾರೇಜಿನ ಬೀದಿಯನ್ನು ನಾಲ್ಕನೇ ಸಲ ಸುತ್ತುತ್ತಿದೆ. ಹಿಂದಿನ ಸೀಟಿನಲ್ಲಿ ಮೂವರು ಒತ್ತರಿಸಿಕೊಂಡು ಕೂತಿದ್ದಾರೆ: ಒಂದು ತುದಿಗೆ ಮೆಕ್ಯಾನಿಕ್, ಇನ್ನೊಂದು ತುದಿಗೆ ಅವರ ಹೆಂಡತಿ, ನಡುವೆ ಪಕ್ಕದ ಅಂಗಡಿಯ ವೆಲ್ಡರ್. ವೆಲ್ಡರ್ ಒಬ್ಬರೇ ಇಬ್ಬರ ತೂಕ.

"ಇಷ್ಟು ವರ್ಷದಲ್ಲಿ ಒಂದಿನ ಡ್ರಾಪ್ ಕೊಡದೋನು, ಇವತ್ತು ನಿದ್ದೆಯಿಂದ ಎಬ್ಬಿಸಿ ಕಾರು ಹತ್ತಿಸಿದಾಗಲೇ ಅನುಮಾನ ಬಂತು," ಎಂದು ಅವರು ಗೊಣಗುತ್ತಾರೆ.

"ಸ್ವಲ್ಪ ಸುಮ್ನಿರಪ್ಪ. ಕೇಳಿಸ್ಕೋಬೇಕು." ಮೆಕ್ಯಾನಿಕ್ ಕಣ್ಣು ಮುಚ್ಚಿದ್ದಾರೆ. ಇಂಜಿನ್ನಿನ ಸದ್ದಿನಲ್ಲೇ ರೋಗ ಹಿಡಿಯುವ ಅವರನ್ನು ಬೀದಿಯವರು ಕರೆಯುವುದು ಕಿವಿ ಮೇಸ್ತ್ರಿ ಎಂದು.

ಸ್ಟಿಯರಿಂಗ್ ಹಿಡಿದಿರುವಾಕೆ ಕಾರಿನ ಒಡತಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿನ ಮೂವರು ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಆಕೆಯ ಜೀವನೋಪಾಯ. ಈ ಕಾರು ಈಗಾಗಲೇ ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿದೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದಾರೆ. ಇವತ್ತು ಆರೂವರೆಗೆ ಆಕೆ ಮೊದಲ ರೋಗಿಯ ಮನೆಮುಂದೆ ಇರಬೇಕು.

ಇಪ್ಪತ್ತಾರು ವರ್ಷಗಳಿಂದ ಮೇಸ್ತ್ರಿ ಇದೇ ಕಸುಬಿನಲ್ಲಿದ್ದಾರೆ. ಎರಡು ಕಾರು ನಿಲ್ಲುವಷ್ಟು ಗ್ಯಾರೇಜಿಗೆ ದಿನಕ್ಕೆ ಐದಾರು ಗಾಡಿ ಬರುತ್ತವೆ. ಬ್ರೇಕು, ಕ್ಲಚ್ಚು, ಆಯಿಲ್ಲು ಅಂದರೆ ಸಲೀಸು. ಮುಕ್ಕಾಲು ಗಂಟೆಯ ಕೆಲಸ, ಕೈಮೇಲೆ ಕೂಲಿ. ಪೀಕಲಾಟ ಇರುವುದು 'ಯಾಕೋ ಒಂಥರಾ ಆಗ್ತಿದೆ' ಎಂದು ಬರುವ ಗಾಡಿಗಳಲ್ಲಿ. ಎರಡು ದಿನ ತಲೆ ಕೆಡಿಸಿಕೊಂಡು ಹುಡುಕಿದರೆ ಸಿಗುವುದು ಸಡಿಲವಾದ ಒಂದು ನಟ್ಟು. ಆಗ ಗಿರಾಕಿ ಕೇಳುವುದು, ಇಷ್ಟಕ್ಕೆ ಇಷ್ಟು ದುಡ್ಡಾ?

"ಹಳೇ ಸಾಮಾನು ಕೈಗಿಟ್ಟು ಹೊಸದು ಹಾಕಿದೀನಿ ಅಂದ್ರೆ ಒಪ್ಕೋತಾರೆ," ಎನ್ನುತ್ತಾರೆ ಮೇಸ್ತ್ರಿ. "ತಲೆ ಓಡಿಸಿದ್ದನ್ನ ಕವರ್‌ಗೆ ಹಾಕಿ ಕೊಡಕ್ಕಾಗುತ್ತಾ?"

ರೋಗ ಹೇಳುವ ಸ್ಕ್ಯಾನರ್ ಅವರ ಬಳಿಯೂ ಇದೆ. ಈ ಕಾರಿಗೆ ಅದನ್ನು ಹಚ್ಚಿದಾಗ ಎಲ್ಲವೂ ಸರಿಯಿದೆ ಎಂದಿತು. ಇಂಜಿನ್ನಿಗೆ ಪೆಟ್ರೋಲು ಕಳಿಸುವ ಪಂಪು ಕಾದಾಗ ನಿಂತು, ತಣಿದ ಮೇಲೆ ಓಡುತ್ತಿರಬೇಕೆಂದು ಮೇಸ್ತ್ರಿ ಅಂದಾಜು ಮಾಡಿ ಮೂರು ದಿನದ ಹಿಂದೆ ಸೀಟು ಎತ್ತಿ ಹೊಸ ಪಂಪು ಹಾಕಿದರು. ಮೈಲಿಗಟ್ಟಲೆ ತಾವೇ ಓಡಿಸಿ ನೋಡಿದರು. ಗಾಡಿ ಎಲ್ಲೂ ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ರೋಗಿಗಳನ್ನು ಕೂರಿಸಿಕೊಂಡು ಹೊರಟ ಹತ್ತೇ ನಿಮಿಷಕ್ಕೆ ನಿಂತಿತು. ಅದು ಎರಡನೇ ಸಲ.

ಒಡತಿ ಹೇಳಿದ್ದು ಒಂದೇ ಮಾತು. "ಎಲ್ರೂ ಇಳಿದು ಐದು ನಿಮಿಷ ನಿಂತ್ರೆ ಸ್ಟಾರ್ಟ್ ಆಗುತ್ತೆ ಅಣ್ಣ." ಮೇಸ್ತ್ರಿಯ ಕಿವಿಗೆ ಬಿದ್ದದ್ದು 'ಐದು ನಿಮಿಷ' ಮಾತ್ರ. ನಿನ್ನೆ ಸಂಜೆ ಕೈತೊಳೆಯಲು ಸೋಪು ಕೊಡುತ್ತಾ ಹೆಂಡತಿ ಕೇಳಿದರು: "ರೀ, ಅದು ನಿಲ್ಲೋದು ಜನ ಕೂತಾಗ. ನೀವು ಒಬ್ರೇ ಕೂತು ಓಡಿಸ್ತಾ ಇದೀರಲ್ಲ?"

ಅದಕ್ಕೇ ಈ ಬೆಳಗಿನ ಸವಾರಿ.

ಐದನೇ ಸುತ್ತು. ಮೂಲೆಯ ಗುಂಡಿಗೆ ಚಕ್ರ ಇಳಿಯುತ್ತದೆ, ವೆಲ್ಡರ್ ಸೀಟಿನ ಮೇಲೆ ಧೊಪ್ಪನೆ ಕುಕ್ಕರಿಸುತ್ತಾರೆ. ಇಂಜಿನ್ ಬಂದ್. ಒಡತಿಯ ಮುಖ ಬಿಳಿಚುತ್ತದೆ. ಮೇಸ್ತ್ರಿ ಮಾತ್ರ ಲಾಟರಿ ಹೊಡೆದವರಂತೆ, "ನಿಂತೋಯ್ತು! ನಿಂತೋಯ್ತು ಕಣೇ!" ಎಂದು ಕೂಗುತ್ತಾರೆ.

ಎಲ್ಲರನ್ನೂ ಇಳಿಸಿ ಸೀಟು ಎತ್ತುತ್ತಾರೆ, ಅದರಡಿಯ ಮ್ಯಾಟನ್ನೂ ಎತ್ತುತ್ತಾರೆ. ಪಂಪಿಗೆ ಹೋಗುವ ವೈರನ್ನು ಸೀಟಿನ ಕಂಬಿ ಒತ್ತಿ ಒತ್ತಿ ಜಜ್ಜಿಹಾಕಿದೆ. ಒಳಗಿನ ತಾಮ್ರದಲ್ಲಿ ಎರಡೇ ಎಳೆ ಉಳಿದಿವೆ. ಭಾರ ಬಿದ್ದರೆ ಅವೂ ಬಿಟ್ಟುಕೊಳ್ಳುತ್ತವೆ, ಜನ ಇಳಿದರೆ ಮತ್ತೆ ತಾಗುತ್ತವೆ. ಗೇಣುದ್ದ ಹೊಸ ವೈರು ಸೇರಿಸಿ, ಟೇಪು ಸುತ್ತಿ, ಕಂಬಿಗೆ ಸಿಗದ ಹಾಗೆ ಪಕ್ಕಕ್ಕೆ ಕಟ್ಟಲು ಹದಿನೈದು ನಿಮಿಷ ಸಾಕಾಗುತ್ತದೆ. ಮತ್ತೆ ಮೂವರೂ ಹತ್ತಿ ಅದೇ ಗುಂಡಿಗೆ ಆರು ಸಲ ಇಳಿಸುತ್ತಾರೆ. ಕಾರು ನಿಲ್ಲುವುದಿಲ್ಲ.

"ಅಕ್ಕ, ಆ ಪಂಪು ಬೇಕಿರಲಿಲ್ಲ," ಮೇಸ್ತ್ರಿ ತಲೆ ಎತ್ತದೆ ಹೇಳುತ್ತಾರೆ. "ಅವತ್ತು ಸೀಟು ಎತ್ತಿದ್ದೆ, ಮ್ಯಾಟ್ ಎತ್ತಲಿಲ್ಲ. ತಪ್ಪು ನಂದು. ಅದರ ದುಡ್ಡು ಬೇಡ."

"ಮತ್ತೆ ಇಷ್ಟು ಹುಡುಕಿದ್ದಕ್ಕೆ?" ಎನ್ನುತ್ತಾರೆ ಒಡತಿ.

ಮೇಸ್ತ್ರಿ ಸ್ಪ್ಯಾನರ್ ಒರೆಸತೊಡಗುತ್ತಾರೆ. "ಅದಕ್ಕೆ ಅವರ ಬಾಯಲ್ಲಿ ರೇಟು ಬರಲ್ಲ. ನನ್ನ ಬಾಯಲ್ಲಿ ಬರುತ್ತೆ," ಎಂದು ಹೆಂಡತಿ ಒಂದು ದಿನದ ಕೂಲಿ ಕೇಳುತ್ತಾರೆ. ಒಡತಿ ಚೌಕಾಸಿ ಮಾಡದೆ ಕೊಟ್ಟು, ಆರು ಹತ್ತಕ್ಕೆ ಹೊರಡುತ್ತಾರೆ.

ಆಮೇಲಿನ ಒಂದು ಗಂಟೆ ಗ್ಯಾರೇಜಿನಲ್ಲಿ ಯಾರಿಗೂ ಕೆಲಸ ಕೈಹತ್ತುವುದಿಲ್ಲ. ಏಳೂಕಾಲಿಗೆ ಫೋನು ಬಡಿದುಕೊಳ್ಳುತ್ತದೆ. ಹೆಂಡತಿಯೇ ಎತ್ತಿ ಸ್ಪೀಕರಿಗೆ ಹಾಕುತ್ತಾರೆ.

"ಮೂವರನ್ನೂ ಒಳಗೆ ಕಳಿಸಿದೆ ಅಣ್ಣ. ಟೈಮಿಗಿಂತ ಹತ್ತು ನಿಮಿಷ ಮುಂಚೆ!"

ಮೇಸ್ತ್ರಿ ಹತ್ತಿರದ ಟೈರಿನ ಮೇಲೆ ಕೂತು ಉದ್ದಕ್ಕೆ ಉಸಿರು ಬಿಡುತ್ತಾರೆ. ದೊಡ್ಡ ಗ್ಯಾರೇಜು, ಹೊಸ ಮಿಷನ್ನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ತುಸು ಯೋಚಿಸಿ ನಗುತ್ತಾರೆ.

"ಗಾಡಿ ತರೋರು, ದಿನಾ ಅದರಲ್ಲಿ ಕೂರೋರನ್ನೂ ಜೊತೆಗೆ ಕರ್ಕೊಂಡು ಬರಲಿ. ಅಷ್ಟು ಸಾಕು."