ಮಾವನವರ ಬಿಯರ್ ಲಾರಿ

ಸಂಜೆಯಾಗುತ್ತಲೇ ನಮ್ಮ ಮಾವನವರ ಬಲಗೈ ನಡುಗತೊಡಗುತ್ತಿತ್ತು. ಕೈಯಲ್ಲಿದ್ದ ಚಹಾದ ಕಪ್ಪು ಬಸಿಗೆ ತಾಗಿ ಕಟಕಟ ಅನ್ನುತ್ತಿತ್ತು. ಆಗ ಅವರು ಟೀವಿ ಮೇಲಿನ ಪುಟ್ಟ ಲಾರಿಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅಂಗೈಯಗಲದ ಲೋಹದ ಲಾರಿ. ಹಸಿರು ಬಣ್ಣ, ಮುಂದೆ ಹಳೇ ಕಾಲದ ದುಂಡು ದೀಪಗಳು, ಬೆನ್ನ ಮೇಲೆ ಸಾಲಾಗಿ ಪೀಪಾಯಿಗಳು, ಪಕ್ಕದಲ್ಲಿ ಇಂಗ್ಲೆಂಡಿನ ಯಾವುದೋ ಬಿಯರ್ ಕಾರ್ಖಾನೆಯ ಹೆಸರು. ಸ್ವಲ್ಪ ಹೊತ್ತಿಗೆ ನಡುಕ ನಿಲ್ಲುತ್ತಿತ್ತು.

ನಾನು ಉಡುಪಿ ಕಡೆಯವಳು. ಸಾಫ್ಟ್‌ವೇರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಪಕ್ಕದ ಟೇಬಲ್ಲಿನವನನ್ನು ಮದುವೆಯಾಗಿ, ಅಲ್ಲಿನ ಕುಷಾಯಿಗೂಡ ಬಡಾವಣೆಯಲ್ಲಿ ನೆಲೆಸಿದ್ದ ಈ ಬಿಜಾಪುರದ ಮನೆತನಕ್ಕೆ ಸೊಸೆಯಾದೆ. ಮಾವನವರು ಅಲ್ಲಿಯ ಒಂದು ಯಂತ್ರಗಳ ಕಾರ್ಖಾನೆಯಿಂದ ನಿವೃತ್ತರಾಗಿದ್ದರು.

ಮೊದಲ ವರ್ಷದ ದಸರೆಯಲ್ಲಿ ಖಂಡೇ ಪೂಜೆಯ ದಿನ, ಅಂದರೆ ನಮ್ಮ ಕಡೆಯ ಆಯುಧಪೂಜೆಯ ದಿನ, ಸ್ಕೂಟರಿಗೆ, ಮಿಕ್ಸಿಗೆ, ನಮ್ಮ ಕಂಪ್ಯೂಟರಿಗೆ ಕುಂಕುಮ ಹಚ್ಚಿದೆ. ಇದೂ ಗಾಡಿಯೇ ತಾನೆ ಎಂದು ಆ ಲಾರಿಗೂ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟೆ. ಅತ್ತೆ ಓಡಿ ಬಂದು ನನ್ನ ಕೈ ಹಿಡಿದರು.

"ಅದಕ್ಕ ಪೂಜಿ ಮಾಡಬ್ಯಾಡವಾ! ಮಲಗೈತಿ, ಮಲಗಿರ್ಲಿ. ಎಬ್ಬಿಸಬ್ಯಾಡ."

ಮಾವನವರೇ ಬಂದು ಧೋತರದ ಚುಂಗಿನಿಂದ ಕುಂಕುಮ ಒರೆಸಿದರು.

"ಫ್ಯಾಕ್ಟರಿಗೆ ಬಂದಿದ್ದ ಇಂಗ್ಲೆಂಡಿನ ಇಂಜಿನಿಯರ್ ಕೊಟ್ಟದ್ದವಾ ಇದು. ಅವನ ಜೋಡಿ ಕುಡೀತಿದ್ದೆ. ಅಂವ ಊರಿಗೆ ಹೋದ, ಕುಡಿಯೂದು ನನ್ನ ಹಂತ್ಯಾಕ ಉಳೀತು. ಈ ಲಾರಿ ಹತ್ತಿ ನರಕದ ಬಾಗಲ ಮಟ ಹೋಗಿ ಬಂದೀನಿ. ಒಗೀರಿ ಅಂತಾಳ ನಿಮ್ಮತ್ತಿ. ಕಣ್ಣ ಮುಂದ ಇದ್ರ ಅಂಜಿಕಿ ಇರ್ತೈತಿ. ಅಂಜಿಕಿ ಇದ್ರ ನಾ ಇರ್ತೀನಿ."

ಅವತ್ತಿನಿಂದ ಆ ಮನೆಯ ಅಂಜಿಕೆ ನನಗೂ ಅಂಟಿತು. ಮಾವನವರು ಕೆಮ್ಮಿನ ಔಷಧಿಯನ್ನೂ ಮೂಸಿ ನೋಡದೆ ಕುಡಿಯುತ್ತಿರಲಿಲ್ಲ. ನಾನು ದೋಸೆ ಹುಯ್ದರೆ, "ಹಿಟ್ಟು ಭಾಳ ಹುಳಿ ಬಂದಿಲ್ಲಲ್ಲ?" ಎಂದು, ಹುದುಗಿದ್ದೆಲ್ಲ ಹೆಂಡವೇನೋ ಎಂಬಂತೆ, ಕೇಳುತ್ತಿದ್ದರು. ಹುಳಿ ಬಾರದ ದೋಸೆಯೂ ಒಂದು ದೋಸೆಯೇ ಎಂದು ಒಳಗೊಳಗೇ ಗೊಣಗುತ್ತಾ ಅರೆದ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದೆ.

ಮುಂದೊಂದು ವರ್ಷ ಅಮೆರಿಕದಲ್ಲಿ ವ್ಯಾಪಾರ ಕುಸಿದು, ನಮ್ಮ ಕಂಪನಿಗಳಲ್ಲಿ ಜನರನ್ನು ತೆಗೆಯಲಾರಂಭಿಸಿದರು. ನನ್ನ ಗಂಡನ ಕೆಲಸ ಹೋಯಿತು. ಸುದ್ದಿ ಕೇಳಿದ ಮಾವನವರು ಚಪ್ಪಲಿ ಮೆಟ್ಟಿ ತಿರುಗಾಡಲು ಹೊರಟರು. ಕತ್ತಲಾದರೂ ಬರಲಿಲ್ಲ. ಅತ್ತೆ ಟೀವಿಯ ಕಡೆ ನೋಡಿ ಗೋಡೆಗೆ ಒರಗಿಬಿಟ್ಟರು.

"ಟೀವಿ ಮ್ಯಾಲಿನ ಗಾಡಿ ಇಲ್ಲವಾ."

ಗಂಡ ಒಂದು ದಿಕ್ಕಿಗೆ ಓಡಿದ, ನಾನು ಇನ್ನೊಂದು ದಿಕ್ಕಿಗೆ. ನನಗೆ ಅಂಥ ಹೆದರಿಕೆ ಹಿಂದೆಂದೂ ಆಗಿರಲಿಲ್ಲ. ಮೇನ್ ರೋಡಿನ ವೈನ್ ಶಾಪಿನ ಮುಂದೆ ಗಂಡಸರ ನೂಕುನುಗ್ಗಲು. ಅವರ ನಡುವೆ ಬಿಳಿ ಧೋತರ ಹುಡುಕುತ್ತಾ, ಕಾಣದಿರಲಿ ದೇವರೇ ಎಂದು ಬೇಡಿಕೊಂಡೆ.

ಅವರಿದ್ದದ್ದು ರಸ್ತೆಯ ಈಚೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ. ಎರಡೂ ಕೈಯಲ್ಲಿ ಲಾರಿಯನ್ನು ಅವುಚಿ ಹಿಡಿದಿದ್ದರು. ಅಂಗಿ ಬೆವರಿಗೆ ತೊಯ್ದಿತ್ತು, ಬಾಯಿಂದ ವಾಸನೆ ಬರುತ್ತಿರಲಿಲ್ಲ.

"ಮಾವ, ಮನೆಗೆ ಹೋಗುವ," ಅಂದೆ.

"ತಡಿಯವಾ. ಈಗ ಎದ್ರ ಕಾಲು ಯಾವ ಕಡೆ ನಡೀತಾವೋ ನನಗ ಗೊತ್ತಿಲ್ಲ."

ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ಹಿಡಿದೆ. ಬಂದುಹೋಗುವವರೆಲ್ಲ ನಮ್ಮನ್ನು ನೋಡುತ್ತಿದ್ದರು, ನೋಡಲಿ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ ಅವರಾಗಿಯೇ ಎದ್ದರು, ಮನೆಯ ಕಡೆಗೇ ನಡೆದರು. ಗಂಡನಿಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು. ನಾನು ಮಾತ್ರ ಅಂದಿನಿಂದ, ಹೆದರುವವರನ್ನು ಹೇಡಿ ಅನ್ನುವುದನ್ನು ಬಿಟ್ಟೆ. ಅದು ಮಾವನವರು ಕಲಿಸಿದ್ದು.

ಎಷ್ಟೋ ವರ್ಷಗಳ ಮೇಲೆ ಮಾವನವರು, ಒಂದು ತೊಟ್ಟೂ ಮುಟ್ಟದೆ, ಎದೆನೋವಿನಿಂದ ಹೋದರು. ಮಣ್ಣು ಮಾಡಿ ಬಂದ ದಿನ ಸಂಜೆ ಅತ್ತೆ ಬಾಗಿಲ ಕಡೆ ಮುಖಮಾಡಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಮದುವಿ ಆದಾಗಿಂದ ದಿನಾ ಸಂಜೀಕ ಅಂಜೀನಿ," ಅಂದರು. "ಇವತ್ತ ಅಂಜಿಕಿ ಇಲ್ಲ ನೋಡವಾ."

ಆಮೇಲೆ ಸೆರಗು ಬಾಯಿಗಿಟ್ಟುಕೊಂಡರು. "ಅಂಜಿಕಿನಽ ಛಲೋ ಇತ್ತು."